ವಾರ್ಡಿನಲ್ಲಿ ನಿಂತ ಗಂಟೆ ನಿನ್ನದು

ಬಿ.ಎಸ್ಸಿ. ನರ್ಸಿಂಗ್ ಮೊದಲ ಸೆಮಿಸ್ಟರಿಗೆ ಸೇರಿರುವ ನಿನಗೆ, ನಿನ್ನ ಬ್ಯಾಚಿನ ಹುಡುಗರಿಗೂ ಸೇರಿಸಿ, ಈ ನಾಲ್ಕು ಮಾತು ಹೇಳಬೇಕು ಅನ್ನಿಸಿದೆ. ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿಯೇ ನನ್ನ ಸರ್ವೀಸು ಮುಗಿಯಿತು. ವರ್ಷ ವರ್ಷವೂ ಹೊಸ ಮಕ್ಕಳು ಪೋಸ್ಟಿಂಗಿಗೆ ಬರುತ್ತಿದ್ದರು, ಹೋಗುತ್ತಿದ್ದರು. ಅವರಲ್ಲಿ ಯಾರಿಗೆ ಬೇಗ ಕೆಲಸ ಸಿಕ್ಕಿತು, ಯಾರು ಪದವಿ ಇದ್ದೂ ಅಲೆದರು ಎಂದು ನೆನೆಸಿಕೊಂಡರೆ ನನಗೆ ಎದ್ದು ಕಾಣುವ ವ್ಯತ್ಯಾಸ ಒಂದೇ. ಕೆಲಸ ಸಿಕ್ಕವರು ಅದರ ತಯಾರಿಯನ್ನು ಕೊನೆಯ ವರ್ಷಕ್ಕೆ ಮುಂದೂಡಿರಲಿಲ್ಲ. ಬೇರೆಯವರು ನರ್ಸಿಂಗ್ ಸ್ಟೇಷನ್ನಿನ ಹಿಂದೆ ಕೂತು ಸೀನಿಯರ್ ರೆಕಾರ್ಡ್ ಕಾಪಿ ಮಾಡುತ್ತಿದ್ದ ಹೊತ್ತಿನಲ್ಲಿ ಅವರು ರೋಗಿಯ ಮಂಚದ ಪಕ್ಕ ಇರುತ್ತಿದ್ದರು.

ಮೊದಲು ಇಂಗ್ಲಿಷಿನ ಭಯದ ಮಾತು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದವರಿಗೆ ಅನಾಟಮಿ, ಫಿಸಿಯಾಲಜಿ ಪುಸ್ತಕ ತೆರೆದ ಕೂಡಲೇ ಎದೆ ಝಲ್ಲೆನ್ನುತ್ತದೆ. ಇದಕ್ಕಾಗಿ ಮನೆಗೆ ವಾಪಸು ಹೊರಟವರನ್ನೂ ಕಂಡಿದ್ದೇನೆ. ಹೊರಡಬೇಡ. ಆ ದಿನದ ಪಾಠವನ್ನು ರಾತ್ರಿ ರೂಮ್‌ಮೇಟಿಗೆ ಕನ್ನಡದಲ್ಲಿ ವಿವರಿಸು. ಹೃದಯದ ನಾಲ್ಕು ಕೋಣೆಗಳಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ತಡವರಿಸದೆ ಹೇಳಲು ಬಂತೆಂದರೆ ವಿಷಯ ನಿನ್ನದಾಯಿತು. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಅರ್ಧ ಪುಟ ಬರೆ, ದಿನವೂ ಬರೆ. ಈಗಿನ ಸೆಮಿಸ್ಟರ್ ಪದ್ಧತಿಯಲ್ಲಿ ಥಿಯರಿಗೆ 25 ಅಂಕ ಇಂಟರ್ನಲ್, 75 ಅಂಕ ಯೂನಿವರ್ಸಿಟಿ ಪರೀಕ್ಷೆಯದು. ಪರೀಕ್ಷೆಯ ಹಿಂದಿನ ವಾರ ಬಾಯಿಪಾಠ ಮಾಡಿದ್ದು ವೈವಾದಲ್ಲಿ ನಿಲ್ಲುವುದಿಲ್ಲ. ಕೇರಳದಿಂದಲೋ ಈಶಾನ್ಯ ರಾಜ್ಯಗಳಿಂದಲೋ ಬಂದ ಸಹಪಾಠಿಗಳಿದ್ದರೆ ಅವರ ಜೊತೆ ಇಂಗ್ಲಿಷಿನಲ್ಲೇ ಮಾತಾಡು. ವಾರ್ಡಿಗೆ ಹೋದಾಗ ಅಜ್ಜಿಯ ಮಾತು ಅರ್ಥವಾಗದೆ ಅವರು ಒದ್ದಾಡುತ್ತಾರೆ, ಅಲ್ಲಿ ನೀನು ಅವರಿಗೆ ನೆರವಾಗು.

ಹಾಜರಿಯ ವಿಚಾರ ಕಟುವಾಗಿಯೇ ಹೇಳುತ್ತೇನೆ. ಪರೀಕ್ಷೆಗೆ ಕೂರಲು ಶೇ. 80 ಹಾಜರಿ ಬೇಕು, ಪದವಿ ಕೈಗೆ ಬರುವ ಮೊದಲು ಪ್ರಾಕ್ಟಿಕಲ್ ಹಾಜರಿ ಶೇ. 100 ಆಗಿರಬೇಕು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ. 'ಫೀಸು ಕಟ್ಟಿ ಸಾಕು, ಹಾಜರಿ ನಾವು ನೋಡಿಕೊಳ್ಳುತ್ತೇವೆ' ಎನ್ನುವವರೂ ಇದ್ದಾರೆ. ಅಂಥವರ ಮಾತು ಕೇಳಿ ಮನೆಯಲ್ಲಿ ಕೂತರೆ ಮೋಸ ಹೋಗುವವಳು ನೀನು, ನಿನ್ನ ನಂತರ ನಿನ್ನ ರೋಗಿ. ಕೊನೆಯ ಸೆಮಿಸ್ಟರಿನ 22 ವಾರದ ಇಂಟರ್ನ್‌ಶಿಪ್ ಅಂತೂ ಒಂದು ದಿನವನ್ನೂ ಹಾಳುಮಾಡಬಾರದ ಕಾಲ. ವಾರಕ್ಕೆ 48 ಗಂಟೆ ಡ್ಯೂಟಿ ಇರುತ್ತದೆ. ದೊಡ್ಡವರ ವಾರ್ಡು, ಮಕ್ಕಳ ವಾರ್ಡು, ಹೆರಿಗೆ, ಮಾನಸಿಕ ಆರೋಗ್ಯ, ಸಮುದಾಯ ಎಲ್ಲವೂ ಅದರಲ್ಲೇ ಬರುತ್ತವೆ. ಇಷ್ಟು ಜನ ಹಿರಿಯರು ಹಿಂದೆ ನಿಂತು ನಿನ್ನ ಕೈ ತಿದ್ದುವ ಅವಕಾಶ ಮತ್ತೆ ಸಿಗುವುದಿಲ್ಲ.

ವಾರ್ಡಿನಲ್ಲಿ ಏನು ಕಲಿಯಬೇಕು ಎಂದು ಕೇಳಿದರೆ ಒಂದು ಡ್ರಿಪ್ಪಿನಿಂದ ಶುರು ಮಾಡು. 500 ಎಂ.ಎಲ್. ನಾರ್ಮಲ್ ಸಲೈನ್ 4 ಗಂಟೆಯಲ್ಲಿ ಹೋಗಬೇಕೆಂದು ಡಾಕ್ಟರು ಬರೆದಿದ್ದಾರೆ ಅಂದುಕೊ. ಐ.ವಿ. ಸೆಟ್ಟಿನ ಕವರನ್ನು ಹರಿದು ಬಿಸಾಡುವ ಮೊದಲು ಓದು, 1 ಎಂ.ಎಲ್.ಗೆ 20 ಹನಿ ಎಂದು ಅದರ ಮೇಲೆ ಅಚ್ಚಾಗಿದೆ. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಈಗ ವಾಚನ್ನು ಡ್ರಿಪ್ ಚೇಂಬರಿನ ಪಕ್ಕ ಹಿಡಿದು, ಅರ್ಧ ನಿಮಿಷಕ್ಕೆ 21 ಹನಿ ಬೀಳುವಂತೆ ರೋಲರ್ ಸರಿಮಾಡು. ಹಾಗೇ ಹೋಗಿಬಿಡಬೇಡ. ಕಾಲು ಗಂಟೆ ಬಿಟ್ಟು ಬಂದು ಮತ್ತೆ ಎಣಿಸು, ರೋಗಿ ಮೊಣಕೈ ಮಡಚಿದ್ದರೆ ವೇಗ ಬದಲಾಗಿರುತ್ತದೆ. ಸೂಜಿ ಚುಚ್ಚಿದ ಜಾಗ ಊದಿದೆಯಾ, ತಣ್ಣಗಿದೆಯಾ ಎಂದು ಮುಟ್ಟಿ ನೋಡು. ಮಕ್ಕಳ ವಾರ್ಡಿನ ಮೈಕ್ರೋ ಸೆಟ್ಟಿನಲ್ಲಿ 1 ಎಂ.ಎಲ್.ಗೆ 60 ಹನಿ. ಅಲ್ಲಿ ಗಂಟೆಗೆ ಎಷ್ಟು ಎಂ.ಎಲ್. ಹೋಗಬೇಕೋ ನಿಮಿಷಕ್ಕೆ ಅಷ್ಟೇ ಹನಿ ಬೀಳಬೇಕು. ಈ ಲೆಕ್ಕ ನೇಮಕಾತಿ ಪರೀಕ್ಷೆಯಲ್ಲೂ ಬರುತ್ತದೆ, ಇಂಟರ್‌ವ್ಯೂನಲ್ಲೂ ಕೇಳುತ್ತಾರೆ. ಕೈಯಾರೆ ಎಣಿಸಿದವಳಿಗೆ ಸೂತ್ರ ಮರೆಯುವುದಿಲ್ಲ.

ಇನ್ನೊಂದು, ಫೋನಿನಲ್ಲಿ ಡಾಕ್ಟರಿಗೆ ಹೇಳುವ ರೀತಿ. ನೈಟ್ ಡ್ಯೂಟಿಯಲ್ಲಿ 'ಸರ್, 12ನೇ ಬೆಡ್ಡಿನವರಿಗೆ ಯಾಕೋ ಹುಷಾರಿಲ್ಲ' ಅಂದರೆ ಅತ್ತ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಹೇಳು: 'ಸರ್, ಫೀಮೇಲ್ ಸರ್ಜಿಕಲ್ ವಾರ್ಡಿನಿಂದ. 12ನೇ ಬೆಡ್, ಬೆಳಿಗ್ಗೆ ಅಪೆಂಡಿಕ್ಸ್ ಆಪರೇಷನ್ ಆದವರು. ಒಂದು ಗಂಟೆ ಹಿಂದೆ ಬಿ.ಪಿ. 118/76 ಇತ್ತು, ಈಗ 90/60. ಪಲ್ಸ್ 124. ಮೈ ತಣ್ಣಗಾಗಿದೆ, ಹೊಟ್ಟೆ ಬಿಗಿದಿದೆ. ಒಳಗೆ ರಕ್ತ ಹೋಗ್ತಿದೆಯೇನೋ ಅಂತ ನನಗೆ ಅನುಮಾನ, ಈಗಲೇ ಬಂದು ನೋಡಿ ಸರ್.' ನಿನ್ನ ಪುಸ್ತಕದಲ್ಲಿ ಎಸ್‌ಬಿಎಆರ್ ಎಂದು ಬರೆದಿರುವುದು ಇದನ್ನೇ. ಅವರು ಫೋನಿನಲ್ಲಿ ಹೇಳಿದ ಔಷಧಿ, ಪ್ರಮಾಣ ಬರೆದುಕೊಂಡು ಅವರಿಗೇ ಓದಿ ಹೇಳು. ಅವರು ಬೈದರೂ ಓದಿ ಹೇಳು.

ನಿನ್ನ ಮೈ ಬಗ್ಗೆಯೂ ಹೇಳಬೇಕು, ಇದನ್ನು ತಾಯಂದಿರೂ ಓದಲಿ. ಮೊದಲ ಪೋಸ್ಟಿಂಗಿಗೆ ಮುಂಚೆಯೇ ಹೆಪಟೈಟಿಸ್-ಬಿ ಲಸಿಕೆ ಶುರುಮಾಡು. ಇಂದು ಒಂದು, ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮೂರನೆಯದು. ಅದಾಗಿ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ ರಕ್ಷಣೆ ಬಂದಿದೆಯಾ ತಿಳಿದುಕೊ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲೇಬೇಡ. ಅಕಸ್ಮಾತ್ ಚುಚ್ಚಿತೆಂದರೆ ಹಿಂಡಬೇಡ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆಗಲೇ ಇಂಚಾರ್ಜ್ ಸಿಸ್ಟರಿಗೆ ತಿಳಿಸು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಸಾಧ್ಯವಾದಷ್ಟೂ 2 ಗಂಟೆಯೊಳಗೆ ಶುರುವಾಗಬೇಕು, 72 ಗಂಟೆ ದಾಟಬಾರದು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟುಕೊಂಡು ಹಾಸ್ಟೆಲಿನಲ್ಲಿ ಅಳುತ್ತಾ ಕೂತ ಮಕ್ಕಳನ್ನು ನೋಡಿ ನನ್ನ ಕರುಳು ಹಿಂಡಿದೆ. ಅದು ನಿನ್ನ ತಪ್ಪಲ್ಲ ಮಗಳೇ, ಹೇಳು.

ಕಾಗದ ಪತ್ರಗಳನ್ನು ಈಗಿನಿಂದಲೇ ಹೊಂದಿಸು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಆಧಾರಿನಲ್ಲಿ ಅಪ್ಪನ ಹೆಸರು ಸೇರಿಸಿ ಉದ್ದಕ್ಕೆ, ಪಾಸ್‌ಪೋರ್ಟಿನಲ್ಲಿ ಮತ್ತೊಂದು ರೀತಿ, ಇದು ನಮ್ಮ ಕಡೆ ಮನೆಮನೆಯ ಕಥೆ. ವಿದೇಶಕ್ಕೆ ದಾಖಲೆ ಪರಿಶೀಲನೆ ನಡೆಯುವಾಗ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ಪ್ರಮಾಣಪತ್ರಗಳನ್ನು ರಜೆಗೆ ಊರಿಗೆ ಹೋದಾಗ ಮಾಡಿಸಿಟ್ಟುಕೊ. ಬೀದರ್‌ನಿಂದ ಬಳ್ಳಾರಿ, ವಿಜಯನಗರದವರೆಗಿನ ಕಲ್ಯಾಣ ಕರ್ನಾಟಕದವರು 371ಜೆ ಪತ್ರವನ್ನು ಮರೆಯಬಾರದು. ಅರ್ಜಿಯ ಕೊನೆಯ ದಿನ ಇವನ್ನು ಹುಡುಕಿದರೆ ಸಿಗುವುದಿಲ್ಲ. ಕೋರ್ಸು ಮುಗಿದ ಕೂಡಲೇ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಮಾಡಿಸು, ಅದಿಲ್ಲದೆ ಎಲ್ಲೂ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ.

ಸರ್ಕಾರಿ ಕೆಲಸದ ಆಸೆ ಇದ್ದರೆ ರಾಜ್ಯದ ನೇಮಕಾತಿಗಳಿಗೆ ಮಾತ್ರ ಕಾಯಬೇಡ. ನಿಮ್ಹಾನ್ಸ್, ಇಎಸ್‌ಐ, ರೈಲ್ವೆ ಪ್ರಕಟಣೆಗಳನ್ನೂ ನೋಡುತ್ತಿರು. ಏಮ್ಸ್ ಆಸ್ಪತ್ರೆಗಳಿಗೆ 2020ರಿಂದ ನಾರ್ಸೆಟ್ ಎಂಬ ಒಂದೇ ಪರೀಕ್ಷೆ ಇದೆ. ತಪ್ಪು ಉತ್ತರಕ್ಕೆ ಮೂರನೇ ಒಂದಂಶ ಅಂಕ ಹೋಗುತ್ತದೆ, ಆದ್ದರಿಂದ ಊಹೆ ಮಾಡಿ ಗೀಚುವ ಅಭ್ಯಾಸ ಬಿಡು. ಜಿಎನ್‌ಎಂ ಮಾಡಿದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಹಾಗಾಗಿ ನಿನ್ನ ಗೆಳತಿಯರಲ್ಲಿ ಜಿಎನ್‌ಎಂ ಓದುತ್ತಿರುವವರಿದ್ದರೆ, ಮೊದಲ ಕೆಲಸಕ್ಕೆ ಸೇರುವಾಗಲೇ ಹಾಸಿಗೆ ಎಷ್ಟಿವೆ ಎಂದು ಕೇಳಲು ಹೇಳು.

ಹೊರದೇಶದ ಕನಸು ಒಳ್ಳೆಯದೇ. ಜರ್ಮನಿಗಾದರೆ ಜರ್ಮನ್ ಭಾಷೆಯ ಬಿ2 ಮಟ್ಟ, ಬ್ರಿಟನ್ನಿಗಾದರೆ ಒಇಟಿ ಅಥವಾ ಐಇಎಲ್‌ಟಿಎಸ್. ಇವೆಲ್ಲ ಓದಿ ಗಳಿಸುವಂಥವು, ಹಣ ಕೊಟ್ಟು ಕೊಳ್ಳುವಂಥವಲ್ಲ. ಏಜೆಂಟರು ಬಂದಾಗ ಅವರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯಾ ನೋಡು. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿ ಇದೆ. ಲಕ್ಷಗಟ್ಟಲೆ ಕೇಳಿದರೆ ಅಪ್ಪನ ಹೊಲ ಅಡವಿಡುವ ಮಾತೇ ಬೇಡ, ಎದ್ದು ಬಾ.

ಮೊದಲ ಕೆಲಸಕ್ಕೆ ಸಂಬಳವೊಂದನ್ನೇ ನೋಡಬೇಡ. ಇಂಟರ್‌ವ್ಯೂ ಕೊನೆಯಲ್ಲಿ ನಿನಗೇನಾದರೂ ಕೇಳುವುದಿದೆಯಾ ಅನ್ನುತ್ತಾರೆ. ಆಗ ತಲೆತಗ್ಗಿಸಿ ಇಲ್ಲ ಎನ್ನಬೇಡ. ನೈಟ್ ಶಿಫ್ಟಿನಲ್ಲಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳು, ಹೊಸಬರ ಜೊತೆ ಸೀನಿಯರ್ ಎಷ್ಟು ದಿನ ಇರುತ್ತಾರೆ, ತಡರಾತ್ರಿ ಡ್ಯೂಟಿ ಮುಗಿದರೆ ಗಾಡಿ ವ್ಯವಸ್ಥೆ ಇದೆಯಾ ಎಂದು ಕೇಳು. ಬಾಂಡ್ ಇದ್ದರೆ ಪೂರ್ತಿ ಓದಿ, ಒಂದು ಪ್ರತಿ ನಿನ್ನ ಕೈಗೆ ಬಂದ ಮೇಲೆಯೇ ಸಹಿ ಹಾಕು. ಮೂಲ ಅಂಕಪಟ್ಟಿಗಳನ್ನು ತೋರಿಸು, ಜೆರಾಕ್ಸ್ ಕೊಡು, ಮೂಲವನ್ನು ಅಲ್ಲೇ ವಾಪಸು ಇಸಿದುಕೊಂಡು ಬ್ಯಾಗಿಗೆ ಹಾಕಿಕೊ.