ಹೆಸರಿನ ಬೇರು

ಗದಗ ಜಿಲ್ಲೆಯ ರೋಣ ತಾಲೂಕಿನಲ್ಲಿ ಯಾವಗಲ್ ಎಂಬ ಗ್ರಾಮವಿದೆ. ಆ ಹೆಸರನ್ನೇ ಅಡ್ಡಹೆಸರಾಗಿ ಉಳ್ಳ ಮನೆತನಗಳೂ ನಮ್ಮ ನಾಡಿನಲ್ಲಿವೆ. ಊರಿನಲ್ಲಿಯೇ ಉಳಿದವನನ್ನು ಊರ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಊರು ಬಿಟ್ಟು ಬೇರೆಡೆ ನೆಲೆಸಿದವನಿಗೆ ಆ ಹೆಸರು ಅಂಟಿಕೊಳ್ಳುತ್ತದೆ. ಊರಿನಂತೆಯೇ ಕಸುಬಿನಿಂದ ಬಡಿಗೇರ, ಕಮ್ಮಾರ ಎಂಬ ಹೆಸರುಗಳೂ, ಅಧಿಕಾರದಿಂದ ದೇಸಾಯಿ, ಕುಲಕರ್ಣಿ ಎಂಬ ಹೆಸರುಗಳೂ ಬಂದಿವೆ.

ಹಾಗಾದರೆ ಒಂದೇ ಅಡ್ಡಹೆಸರಿನವರೆಲ್ಲರೂ ಒಬ್ಬನೇ ಮೂಲಪುರುಷನ ಸಂತತಿಯವರೇ? ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನವು ಒಂದು ದಾರಿಯನ್ನು ತೋರಿಸಿದೆ. ಮಾನವನ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ. ಅವುಗಳಲ್ಲಿ ‘ವೈ’ ಎಂಬುದು ತಂದೆಯಿಂದ ಮಗನಿಗೆ ಮಾತ್ರ, ಬಹುಮಟ್ಟಿಗೆ ಇದ್ದಂತೆಯೇ, ಇಳಿದು ಬರುತ್ತದೆ. ಅಡ್ಡಹೆಸರು ಸಾಗುವುದೂ ಸಾಮಾನ್ಯವಾಗಿ ಇದೇ ದಾರಿಯಲ್ಲಿ. ಅಪರೂಪಕ್ಕೊಮ್ಮೆ ‘ವೈ’ಯಲ್ಲಿ ಸಣ್ಣ ಬದಲಾವಣೆ ಉಂಟಾಗಿ, ಅದು ಮುಂದಿನ ತಲೆಮಾರುಗಳಿಗೂ ಹೋಗುತ್ತದೆ. ಇಬ್ಬರಲ್ಲಿ ಇಂತಹ ಗುರುತುಗಳನ್ನು ಹೋಲಿಸಿ, ಅವರ ಸಮಾನ ಪೂರ್ವಜನು ಎಷ್ಟು ಹಿಂದೆ ಇದ್ದನೆಂದು ಅಂದಾಜು ಮಾಡಬಹುದು.

ಆಕ್ಸ್‌ಫರ್ಡಿನ ವಿಜ್ಞಾನಿ ಬ್ರಯಾನ್ ಸೈಕ್ಸ್ ಅವರು ತಮ್ಮದೇ ಅಡ್ಡಹೆಸರಿನ ಪುರುಷರನ್ನು ಪರೀಕ್ಷಿಸಿ, 2000ದಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸುಮಾರು ಅರ್ಧ ಮಂದಿಯಲ್ಲಿ ಒಂದೇ ಬಗೆಯ ‘ವೈ’ ಕಂಡುಬಂದಿತು. ಸ್ಕಾಟ್ಲೆಂಡಿನ ಮ್ಯಾಕ್‌ಡೊನಾಲ್ಡ್ ಕುಲದವರು 1164ರಲ್ಲಿ ಮಡಿದ ಸೋಮರ್ಲೆಡ್ ಎಂಬ ವೀರನನ್ನು ತಮ್ಮ ಮೂಲಪುರುಷನೆನ್ನುತ್ತಾರೆ. ಅವನು ಐರ್ಲೆಂಡಿನ ಅರಸರ ವಂಶದವನೆಂಬುದು ಪರಂಪರೆಯ ನಂಬಿಕೆ. ಆದರೆ ಕುಲದ ನಾಯಕರಲ್ಲಿ ದೊರೆತ ‘ವೈ’ ನಾರ್ವೆಯ ಕಡೆಗೆ ಬೆರಳು ತೋರಿತು!

ಸೈಕ್ಸ್ ಹೆಸರಿನ ಉಳಿದರ್ಧ ಮಂದಿ ಆ ಹೆಸರಿಗೆ ಹೊರಗಿನವರೇ? ಅಲ್ಲ. ಒಂದೇ ಹೆಸರು ಹಲವು ಮನೆತನಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಬಹುದು. ಒಂದೇ ಊರನ್ನು ಬಿಟ್ಟು ಹೋದ ಬೇರೆ ಬೇರೆ ಮನೆಯವರಿಗೆ ಒಂದೇ ಊರಿನ ಹೆಸರು ಬರುವುದು ಸಹಜವಷ್ಟೆ. ಅಲ್ಲದೆ, ದತ್ತು ಹೋದ ಮಗನು ಹೊಸ ಮನೆಯ ಹೆಸರನ್ನು ಪಡೆಯುತ್ತಾನೆ. ಅವನ ‘ವೈ’ ಮಾತ್ರ ಹೆತ್ತ ತಂದೆಯದು. ಯಾವಗಲ್ಲಿನ ನೆರೆಯ ನರಗುಂದದ ಅರಸ ಬಾಬಾಸಾಹೇಬನನ್ನು ನೆನೆಯಿರಿ. ದತ್ತು ಪಡೆಯಲು ಬ್ರಿಟಿಷರು ಒಪ್ಪಿಗೆ ನೀಡದಿದ್ದುದು 1858ರಲ್ಲಿ ಅವನು ಬಂಡೇಳಲು ಮುಖ್ಯ ಕಾರಣವಾಯಿತು. ಅದೇ ವರ್ಷ ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ರಕ್ತದಿಂದ ಬಾರದ ಮಗನೂ ಮಗನೇ ಎಂಬ ಹಕ್ಕು ಅವನಿಗೆ ರಾಜ್ಯದಷ್ಟೇ ದೊಡ್ಡದಾಗಿತ್ತು.

ಇನ್ನೂ ಒಂದು ಮಾತುಂಟು. ಹತ್ತು ತಲೆಮಾರು ಹಿಂದಕ್ಕೆ ಎಣಿಸಿದರೆ ಪ್ರತಿಯೊಬ್ಬನಿಗೂ ಲೆಕ್ಕದಂತೆ 1024 ಹಿರಿಯರು. ‘ವೈ’ ಹೇಳುವುದು ಅವರಲ್ಲಿ ಒಬ್ಬನ ಕಥೆಯನ್ನು ಮಾತ್ರ. ತಾಯಿ, ಅಜ್ಜಿ, ಮುತ್ತಜ್ಜಿಯರು ಅದರಲ್ಲಿಲ್ಲ. ಮೇಲು–ಕೀಳು ಎಂಬ ಮಾತೂ ಅದರಲ್ಲಿಲ್ಲ. ಬೇರನ್ನು ಹುಡುಕುವ ಕುತೂಹಲ ಒಳ್ಳೆಯದು. ಆದರೆ ಒಂದು ಬೇರನ್ನೇ ಇಡೀ ಮರವೆಂದು ಭಾವಿಸಬಾರದು.