ಹಳೆಯ ಗಾಳಿಬಂದೂಕಿನ ತೊಗಲಿನ ವಾಷರು

ಕಣಜದ ಇಲಿಗಳಿಗಾಗಿ ತಂದು ಬಹುಕಾಲ ಮೂಲೆಯಲ್ಲಿಟ್ಟ ಗಾಳಿಬಂದೂಕಿನ ಗುಂಡು ಹತ್ತು ಮಾರು ದೂರಕ್ಕೂ ಬಿರುಸಾಗಿ ಹೋಗದಿದ್ದರೆ, ಸ್ಪ್ರಿಂಗು ಸೋತಿತೆಂದು ಭಾವಿಸುವುದುಂಟು. ಅನೇಕ ವೇಳೆ ದೋಷವು ತೊಗಲಿನ ವಾಷರಿನಲ್ಲಿರುತ್ತದೆ. ಬರ್ಮಿಂಗ್‌ಹ್ಯಾಮಿನ ಬಿ. ಎಸ್. ಎ. ಮೊದಲಾದ ಹಳೆಯ ಬಂದೂಕುಗಳಲ್ಲಿ ಪಿಸ್ಟನ್ನಿನ ಮುಖಕ್ಕೆ ಬಟ್ಟಲಿನಾಕಾರದ ತೊಗಲನ್ನು ಜೋಡಿಸಿರುವರು. ಅದು ಒಣಗಿ ಕುಗ್ಗಿದರೆ ಗಾಳಿಯು ಪಕ್ಕದಲ್ಲಿ ಸೋರಿಹೋಗುವುದು.

ನಳಿಗೆ ಮಡಚುವ ಬಂದೂಕಾದರೆ ಮೊದಲು ಸಂದನ್ನು ಪರೀಕ್ಷಿಸತಕ್ಕದ್ದು. ಗುಂಡು ತುಂಬಿ, ಸಂದಿನ ಮೇಲೆ ತೆಳುಕಾಗದದ ಚೂರನ್ನಿಟ್ಟು ಮಣ್ಣಿನ ದಿಬ್ಬಕ್ಕೆ ಹೊಡೆದಾಗ ಕಾಗದವು ಹಾರಿದರೆ, ಅಲ್ಲಿನ ಚಿಕ್ಕ ವಾಷರು ಸವೆದಿದೆ. ಅದರಡಿಯಲ್ಲಿ ಕಾಗದದ ಬಿಲ್ಲೆಯೊಂದನ್ನಿಟ್ಟರೆ ಸಾಕಾಗುವುದುಂಟು.

ಕಾಗದವು ಅಲುಗದಿದ್ದರೆ ದೋಷವು ಒಳಗಿನದು. ಸ್ಪ್ರಿಂಗು ಬಿಗಿಯದಷ್ಟು ಮಾತ್ರ ನಳಿಗೆಯನ್ನು ಮಡಚಿ, ಮರದ ಹಿಡಿ ಕೆಳಗಾಗುವಂತೆ ನಿಲ್ಲಿಸಿ, ಗಾಳಿರಂಧ್ರದಲ್ಲಿ ದನದ ಕಾಲೆಲುಬಿನಿಂದ ತೆಗೆದ ನೀಟ್ಸ್‌ಫುಟ್ ಎಣ್ಣೆಯ ನಾಲ್ಕೈದು ತೊಟ್ಟು ಬಿಟ್ಟು ರಾತ್ರಿಯೆಲ್ಲ ಇಡಬೇಕು. ಸೀಮೆಎಣ್ಣೆಯನ್ನಾಗಲಿ ಯಂತ್ರದ ತೆಳು ಎಣ್ಣೆಯನ್ನಾಗಲಿ ಎಂದಿಗೂ ಹಾಕಕೂಡದು. ಒತ್ತಿದ ಗಾಳಿಯ ಕಾವಿಗೆ ಅದು ಹೊತ್ತಿ ಸಿಡಿದು ತೊಗಲನ್ನೂ ಸ್ಪ್ರಿಂಗನ್ನೂ ಕೆಡಿಸುವುದು. ನೀಟ್ಸ್‌ಫುಟ್ ಎಣ್ಣೆಯೂ ಮೊದಲ ಕೆಲವು ಹೊಡೆತಗಳಲ್ಲಿ ಹೊಗೆ ಕಾರೀತು, ಅದಕ್ಕೆ ಅಂಜಬೇಕಾಗಿಲ್ಲ.

ತೊಗಲು ಸೀಳಿದ್ದರೆ ಎಣ್ಣೆಯಿಂದ ಫಲವಿಲ್ಲ, ಹೊಸದನ್ನು ಹಾಕಿಸಬೇಕು. ಆದರೆ ಒಳಗಿನ ಸ್ಪ್ರಿಂಗು ಸದಾ ಒತ್ತಡದಲ್ಲಿರುವುದರಿಂದ, ಬಿಚ್ಚುವಾಗ ಚಿಮ್ಮಿ ಮುಖಕ್ಕೆ ಬಡಿದೀತು. ಈ ಕೆಲಸವನ್ನು ಬಲ್ಲವನಿಗೇ ಒಪ್ಪಿಸತಕ್ಕದ್ದು.