ಪರದೇಶದ ಮೊದಲ ದಿನ: ಎಲ್ಲ ಸುಸ್ತೂ ಒಂದೇ ಅಲ್ಲ

ಮಗನೋ ಮಗಳೋ ಜರ್ಮನಿಯಲ್ಲಿ ನೌಕರಿಯಲ್ಲಿದ್ದರೆ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ತಂದೆ-ತಾಯಿಗಳು ಒಮ್ಮೆ ಅಲ್ಲಿಗೆ ಹೋಗಿಬರುವುದುಂಟು. ವೀಸಾ, ಟಿಕೆಟು, ಖಡಕ್ ರೊಟ್ಟಿ, ಚಟ್ನಿಪುಡಿ ಎಲ್ಲಕ್ಕೂ ತಯಾರಿ ನಡೆಯುತ್ತದೆ. ಆದರೆ ಅಲ್ಲಿ ಇಳಿದ ಮೊದಲ ದಿನ ದೇಹ ಹೇಗಿರುತ್ತದೆ ಎಂಬ ವಿಚಾರ ಹೆಚ್ಚಿನವರಿಗೆ ಹೊಳೆಯುವುದಿಲ್ಲ.

ಒಂದು ಲೆಕ್ಕ ನೋಡಿ. ಬೆಳಿಗ್ಗೆ ಆರಕ್ಕೆ ರಾಣೆಬೆನ್ನೂರಿನಲ್ಲಿ ಎದ್ದು, ರೈಲಿನಲ್ಲಿ ಬೆಂಗಳೂರು ಸೇರಿ, ರಾತ್ರಿ ಎರಡಕ್ಕೆ ದೇವನಹಳ್ಳಿಯಿಂದ ವಿಮಾನ ಹತ್ತುತ್ತೀರಿ ಎನ್ನೋಣ. ಸುಮಾರು ಹತ್ತು ಗಂಟೆಗಳ ನಂತರ ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುವಾಗ ನಮ್ಮೂರಿನಲ್ಲಿ ಮಧ್ಯಾಹ್ನ ಹನ್ನೆರಡು. ಬೇಸಿಗೆಯಾದರೆ ಅಲ್ಲಿ ಬೆಳಿಗ್ಗೆ ಎಂಟೂವರೆ. ವಿಮಾನದಲ್ಲಿ ಕಣ್ಣು ಮುಚ್ಚದಿದ್ದರೆ ನೀವು ಎಚ್ಚರವಿದ್ದು ಮೂವತ್ತು ಗಂಟೆಗಳಾದವು. ಮುಂದೆ ಇಡೀ ಒಂದು ಹಗಲು ಬಾಕಿ ಇದೆ!

ದೇಹದೊಳಗಿನ ಗಡಿಯಾರ

ನಮ್ಮ ಮಿದುಳಿನಲ್ಲಿ ನಿದ್ರೆ, ಹಸಿವು, ದೇಹದ ಉಷ್ಣತೆಗಳನ್ನು ನಿಯಂತ್ರಿಸುವ ಜೈವಿಕ ಗಡಿಯಾರವಿದೆ. ಇದರ ಕಾರ್ಯವಿಧಾನವನ್ನು ಕಂಡುಹಿಡಿದ ಹಾಲ್, ರಾಸ್‌ಬ್ಯಾಷ್ ಮತ್ತು ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಕೈಗಡಿಯಾರದ ಮುಳ್ಳನ್ನು ಒಂದು ಕ್ಷಣದಲ್ಲಿ ತಿರುಗಿಸಬಹುದು. ಒಳಗಿನ ಗಡಿಯಾರ ಹೊಂದಿಕೊಳ್ಳಲು ಮೂರು-ನಾಲ್ಕು ದಿನ ಬೇಕು. ಊರಲ್ಲಿ ಐದೂವರೆಗೆ ಏಳುವವರಿಗೆ ಅಲ್ಲಿ ರಾತ್ರಿ ಎರಡಕ್ಕೇ ಎಚ್ಚರವಾಗುವುದು ಇದರಿಂದಲೇ. ಇದಕ್ಕೆ ಜೆಟ್ ಲ್ಯಾಗ್ ಎನ್ನುತ್ತಾರೆ. ಇದು ಕಾಯಿಲೆಯಲ್ಲ, ಗಾಬರಿ ಬೇಡ.

ಮೊದಲ ದಿನ ಏನು ಮಾಡಬೇಕು?

“ದಣದು ಬಂದೀರಿ, ಮೊದಲ ಮಲಕೊಳ್ರಿ” ಎಂದು ಮಕ್ಕಳು ಪ್ರೀತಿಯಿಂದ ಹೇಳುತ್ತಾರೆ. ಹಗಲೆಲ್ಲ ಮಲಗಿದರೆ ರಾತ್ರಿ ನಿದ್ರೆ ಬಾರದು. ತಡೆಯಲಾಗದಿದ್ದರೆ ಮಧ್ಯಾಹ್ನ ಮೂರರೊಳಗೆ ಅರ್ಧ ಗಂಟೆ ಮಲಗಿ, ಅಲಾರಂ ಇಟ್ಟುಕೊಳ್ಳಿ. ಸಂಜೆ ಹೊರಗಿನ ಬೆಳಕಿನಲ್ಲಿ ಸ್ವಲ್ಪ ಅಡ್ಡಾಡಿ. ಪಶ್ಚಿಮಕ್ಕೆ ಹೋದವರ ಗಡಿಯಾರವನ್ನು ಸರಿಪಡಿಸುವ ಔಷಧ ಸಂಜೆಯ ಬೆಳಕೇ. ಅನ್ನ-ಸಾರಿನಂಥ ಹಗುರ ಊಟ ಮಾಡಿ, ಒಂಬತ್ತರ ಹೊತ್ತಿಗೆ ಮಲಗಿ. ಮಧ್ಯಾಹ್ನದ ನಂತರ ಚಹಾ-ಕಾಫಿ ಬೇಡ. ನಡುರಾತ್ರಿ ಎಚ್ಚರವಾದರೆ ಮೊಬೈಲು ನೋಡಬೇಡಿ. ಹೊಸ ಮನೆಯಲ್ಲಿ ಎಡವದಂತೆ ಶೌಚಾಲಯದ ದಾರಿಗೆ ಒಂದು ಮಂದ ದೀಪವಿರಲಿ.

ಜರ್ಮನಿಯಲ್ಲಿ ವಾಹನಗಳು ರಸ್ತೆಯ ಬಲಗಡೆ ಚಲಿಸುತ್ತವೆ. ನಿದ್ದೆಗಣ್ಣಿನಲ್ಲಿ ನಮ್ಮೂರಿನ ರೂಢಿಯಂತೆ ಬಲಕ್ಕೆ ನೋಡಿ ರಸ್ತೆಗಿಳಿದರೆ ಅಪಾಯ. ಮೊದಲು ಎಡಕ್ಕೆ ನೋಡಿ. ಅಂದು ಒಬ್ಬರೇ ಹೊರಗೆ ಹೋಗಬೇಡಿ.

ಸಕ್ಕರೆ ಕಾಯಿಲೆಯವರೇ, ಗಮನಿಸಿ

ಪ್ರಯಾಣದ ದಿನ ನಿಮಗೆ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಉದ್ದವಾಗುತ್ತದೆ. ಇನ್ಸುಲಿನ್, ಮಾತ್ರೆಗಳ ವೇಳೆಯನ್ನು ನೀವೇ ನಿರ್ಧರಿಸಬೇಡಿ. ಹೊರಡುವ ಎರಡು ವಾರ ಮೊದಲು ವಿಮಾನದ ವೇಳಾಪಟ್ಟಿ ಹಿಡಿದು ನಿಮ್ಮ ವೈದ್ಯರನ್ನು ಕಾಣಿ. ಔಷಧ, ಚೀಟಿ, ಸಕ್ಕರೆ ಪರೀಕ್ಷಿಸುವ ಯಂತ್ರ ಕೈಚೀಲದಲ್ಲೇ ಇರಲಿ. ದೊಡ್ಡ ಸಾಮಾನಿನಲ್ಲಿಟ್ಟ ಇನ್ಸುಲಿನ್ ವಿಮಾನದ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಆ ಸಾಮಾನೇ ತಡವಾಗಿ ಬರಲೂಬಹುದು.

ಮುಖ್ಯ ಮಾತು ಇದು: ಬೆವರು, ನಡುಕ, ತೊದಲು ಮಾತು, ಗೊಂದಲ ಕಂಡರೆ “ಪ್ರಯಾಣದ ಸುಸ್ತು” ಎಂದು ಮಲಗಿಸಬೇಡಿ. ತಕ್ಷಣ ರಕ್ತದ ಸಕ್ಕರೆ ನೋಡಿ. 70ಕ್ಕಿಂತ ಕಡಿಮೆಯಿದ್ದರೆ ಮೂರು-ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಸಕ್ಕರೆ ಸರಿಯಿದ್ದೂ ಮಾತು ತೊದಲುತ್ತಿದ್ದರೆ, ಬಾಯಿ ಒಂದು ಕಡೆ ವಾಲಿದ್ದರೆ ಅದು ಪಾರ್ಶ್ವವಾಯು ಆಗಿರಬಹುದು. ಎರಡರಲ್ಲೂ ತಡಮಾಡದೆ 112ಕ್ಕೆ ಫೋನ್ ಮಾಡಿ. ಯುರೋಪಿನ ತುರ್ತು ಸಂಖ್ಯೆ ಅದೇ.

ಕಾಲಿನ ಬಾವು

ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ವಿಮಾನದಲ್ಲಿ ಆಗಾಗ ಎದ್ದು ನಡೆಯಿರಿ, ಪಾದಗಳನ್ನು ಆಡಿಸಿ, ನೀರು ಕುಡಿಯಿರಿ. ಎರಡೂ ಪಾದ ಸ್ವಲ್ಪ ಊದಿಕೊಂಡು ಒಂದೆರಡು ದಿನಗಳಲ್ಲಿ ಇಳಿಯುವುದು ಸಾಮಾನ್ಯ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಒಮ್ಮೆಲೇ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಆಗಲೂ 112. ಈ ಲಕ್ಷಣಗಳು ಕೆಲವು ದಿನ ಅಥವಾ ವಾರಗಳ ನಂತರವೂ ಕಾಣಿಸಿಕೊಳ್ಳಬಹುದು.

ನಿದ್ರೆಯ ಸುಸ್ತು ಎರಡು ರಾತ್ರಿ ಚೆನ್ನಾಗಿ ಮಲಗಿದರೆ ಇಳಿಯುತ್ತದೆ. ಬೇರೆ ಲಕ್ಷಣಗಳ ಜೊತೆಗೂಡಿ ಬಂದ ಸುಸ್ತನ್ನು ಮಾತ್ರ “ನಾಳೆ ನೋಡೋಣ” ಎಂದು ಬಿಡಬೇಡಿ. ಮಗನ ಮನೆಯ ವಿಳಾಸದ ಜೊತೆಗೆ ನಿಮ್ಮ ಕಾಯಿಲೆ ಮತ್ತು ಔಷಧಗಳ ಹೆಸರನ್ನೂ ಇಂಗ್ಲಿಷಿನಲ್ಲಿ ಒಂದು ಚೀಟಿಯಲ್ಲಿ ಬರೆದು ಕಿಸೆಯಲ್ಲಿ ಇಟ್ಟುಕೊಂಡೇ ಮನೆಯಿಂದ ಹೊರಡಿ.